ನೀರು ಕೊಟ್ಟ ಬೆಟ್ಟ, ಬೆಳಕು ಕೊಟ್ಟ ದ್ವೀಪ: ಪ್ರವಾಸೋದ್ಯಮ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪ್ರವಾಸೋದ್ಯಮ ಸಚಿವರಿಗೆ,
ವಿಧಾನಸೌಧ, ಬೆಂಗಳೂರು

ಸರ್, ನಮಸ್ಕಾರ.

ನಂದಿಬೆಟ್ಟಕ್ಕೆ ರೋಪ್‌ವೇ ಬರುತ್ತದೆ ಅಂತ ವರ್ಷಗಳಿಂದ ಕೇಳುತ್ತಿದ್ದೇವೆ. ಬರಲಿ, ನನ್ನದೇನೂ ತಕರಾರಿಲ್ಲ. ಭಾನುವಾರ ಬೆಳಗಿನ ಜಾವ ಹೆಬ್ಬಾಳ ದಾಟಿ ಹೊರಡುವ ಬೈಕು ಕಾರುಗಳ ಸಾಲು ನೋಡಿದವರು ಯಾರೂ ಬೇಡ ಅನ್ನಲಾರರು. ನಾನು ಕೇಳುವುದು ಅದಕ್ಕಿಂತ ಬಹಳ ಅಗ್ಗದ ಕೆಲಸ. ಬೆಟ್ಟ ಹತ್ತಿದವರಿಗೆ, ದ್ವೀಪಕ್ಕೆ ಇಳಿದವರಿಗೆ, ತಾವು ಎಲ್ಲಿ ನಿಂತಿದ್ದೇವೆ ಅಂತ ಕನ್ನಡದಲ್ಲಿ ಬರೆದು ಹಾಕಿಸಿ.

ಈಗಿರುವ ಫಲಕಗಳಲ್ಲಿ ಹೆಚ್ಚಿನವು ದಾರಿ ತೋರಿಸುತ್ತವೆ, ಇಲ್ಲವೇ ಎಚ್ಚರಿಕೆ ಕೊಡುತ್ತವೆ. ಜನ ಬರುತ್ತಾರೆ, ಮಂಜು ಮುಸುಕಿದ್ದರೆ ಗೊಣಗುತ್ತಾರೆ, ಟಿಪ್ಪು ಡ್ರಾಪ್ ಹತ್ತಿರ ಸೆಲ್ಫಿ ತೆಗೆದುಕೊಂಡು ತಿಂಡಿ ಹೊತ್ತಿಗೆ ವಾಪಸ್. ಹೇಳುವವರೇ ಇಲ್ಲದಿದ್ದರೆ ಅವರಾದರೂ ಏನು ಮಾಡಿಯಾರು?

ನಂದಿಯ ಎತ್ತರ 1,478 ಮೀಟರ್. ಬೆಂಗಳೂರು 900 ಮೀಟರ್ ಆಸುಪಾಸಿನಲ್ಲಿದೆ. ಈ ಐನೂರು ಚಿಲ್ಲರೆ ಮೀಟರ್ ಹತ್ತಿದ್ದಕ್ಕೇ ಮೂರ್ನಾಲ್ಕು ಡಿಗ್ರಿ ತಂಪು ಸಿಗುತ್ತದೆ. ಆ ತಂಪಿಗೇ ಟಿಪ್ಪುವಿನ ಬೇಸಿಗೆ ಅರಮನೆ, ಆ ತಂಪಿಗೇ ಮೈಸೂರಿನ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಬಂಗಲೆ. 1927ರಲ್ಲಿ ಆರೋಗ್ಯ ಕೆಟ್ಟ ಗಾಂಧೀಜಿ ಸುಧಾರಿಸಿಕೊಳ್ಳಲು ಬಂದಿದ್ದೂ ಇಲ್ಲಿಗೇ. ಕೋಟೆಯ ಕಥೆಯೂ ಚಿಕ್ಕದಲ್ಲ. 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಬ್ರಿಟಿಷ್ ಸೇನೆ ವಾರಗಟ್ಟಲೆ ಮುತ್ತಿಗೆ ಹಾಕಿ, ಕೊನೆಗೆ ರಾತ್ರಿ ನುಗ್ಗಿ ಇದನ್ನು ಹಿಡಿಯಿತು. ಬೆಟ್ಟದ ಬುಡದಲ್ಲಿ 9ನೇ ಶತಮಾನದ ಭೋಗನಂದೀಶ್ವರ ದೇವಸ್ಥಾನವಿದೆ. ನನ್ನನ್ನು ಕೇಳಿದರೆ ಮೇಲಿನ ಎಲ್ಲದಕ್ಕಿಂತ ಅದೇ ಚೆನ್ನ. ಆದರೆ ಸೂರ್ಯೋದಯದ ಗಡಿಬಿಡಿಯಲ್ಲಿ ಎಷ್ಟೋ ಮಂದಿ ಅದರ ಪಕ್ಕದಲ್ಲೇ ಹಾದು ಹೋಗಿಬಿಡುತ್ತಾರೆ.

ಇದಕ್ಕಿಂತ ದೊಡ್ಡ ವಿಷಯ ನೀರಿನದು. ನಂದಿಯ ಸುತ್ತಲಿನ ಬೆಟ್ಟಸಾಲಿನಲ್ಲಿ ಹುಟ್ಟುವ ಹೊಳೆಗಳು ಒಂದೊಂದು ದಿಕ್ಕು ಹಿಡಿಯುತ್ತವೆ. ಉತ್ತರ ಪಿನಾಕಿನಿ ಆಂಧ್ರಕ್ಕೆ, ದಕ್ಷಿಣ ಪಿನಾಕಿನಿ ತಮಿಳುನಾಡಿಗೆ. ಅರ್ಕಾವತಿ ಮಾತ್ರ ನಮ್ಮ ಕಡೆ ತಿರುಗುತ್ತದೆ. ದೊಡ್ಡಬಳ್ಳಾಪುರ, ಹೆಸರಘಟ್ಟ, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿ ಸೇರುತ್ತದೆ. 1890ರ ದಶಕದಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ಬಂದದ್ದು ಈ ನೀರೇ. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿದ್ದೂ ಇದೇ ಹೊಳೆಗೆ. ನಮ್ಮ ತಾತ ಮುತ್ತಾತಂದಿರು ಕುಡಿದ ನೀರು ಈ ಬೆಟ್ಟದಿಂದ ಇಳಿದದ್ದು ಸರ್. ಇದನ್ನು ದೊಡ್ಡ ಅಕ್ಷರದಲ್ಲಿ, ಒಂದು ನಕ್ಷೆ ಸಮೇತ ಬೆಟ್ಟದ ಮೇಲೆ ನಿಲ್ಲಿಸಿದರೆ, ಅಲ್ಲೇ ಚಿಪ್ಸ್ ಪೊಟ್ಟಣ ಎಸೆಯುವ ಕೈ ಸ್ವಲ್ಪ ಹಿಂಜರಿಯಬಹುದು, ಅಲ್ವಾ?

ನೀರು ಬೆಟ್ಟದ್ದಾದರೆ ಬೆಳಕು ದ್ವೀಪದ್ದು. ಶಿವನಸಮುದ್ರವನ್ನು ನಾವು ಜಲಪಾತ ಅಂತಷ್ಟೇ ನೋಡುತ್ತೇವೆ. ಅದು ಒಂದು ದ್ವೀಪ. ಕಾವೇರಿ ಎರಡಾಗಿ ಸೀಳಿ ಅದನ್ನು ಬಳಸುತ್ತಾಳೆ, ಒಂದು ಕಡೆ ಗಗನಚುಕ್ಕಿ, ಇನ್ನೊಂದು ಕಡೆ ಭರಚುಕ್ಕಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ವಿದ್ಯುತ್ ಯೋಜನೆ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟಿತು. 1905ರ ಆಗಸ್ಟ್ 5ರಂದು ಅದೇ ಕರೆಂಟಿನಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿತು. ಇವತ್ತು ನಮ್ಮ ನಲ್ಲಿಗೆ ಬರುವ ಕಾವೇರಿ ನೀರೂ ಹೆಚ್ಚುಕಡಿಮೆ ಆ ಸೀಮೆಯದೇ. ಮಳೆಗಾಲದಲ್ಲಿ ರೀಲ್ಸ್ ಮಾಡಲು ಹೋಗುವ ನಮ್ಮ ಹುಡುಗರಿಗೆ ಇದು ಗೊತ್ತಾದರೆ ರೀಲ್ಸೂ ಚೆನ್ನಾಗಿ ಬಂದೀತು.

ಮುಳ್ಳಯ್ಯನಗಿರಿ, ಕುದುರೆಮುಖ, ನೇತ್ರಾಣಿ ದ್ವೀಪ ಎಲ್ಲದಕ್ಕೂ ಹೀಗೇ ಹೇಳಬಹುದು. ಬಾಬಾಬುಡನ್‌ಗಿರಿಯನ್ನು ಬಿಡೋಣ, ಕಾಫಿ ಅದರ ಕಥೆಯನ್ನು ತಾನೇ ಹೇಳಿಕೊಂಡಿದೆ.

ಮಲ್ಪೆಯ ಸೇಂಟ್ ಮೇರೀಸ್ ದ್ವೀಪವನ್ನು ಮಾತ್ರ ಬಿಡಲು ಮನಸ್ಸಿಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಇಳಿದು ಹೆಸರಿಟ್ಟ ಎಂಬ ಮಾತನ್ನು ಬೋಟಿನಲ್ಲೇ ಕೇಳುತ್ತೇವೆ. ಅಲ್ಲಿನ ಕಲ್ಲಿನ ಮುಂದೆ ಆ 500 ವರ್ಷ ಏನೂ ಅಲ್ಲ. ಭಾರತವೂ ಮಡಗಾಸ್ಕರ್‌ ಕೂಡ ಒಂದಕ್ಕೊಂದು ಅಂಟಿಕೊಂಡಿದ್ದ ನೆಲ. ಅವು ಬೇರೆಯಾಗುವ ಹೊತ್ತಿಗೆ, ಸುಮಾರು 8.5ರಿಂದ 9 ಕೋಟಿ ವರ್ಷಗಳ ಹಿಂದೆ, ಉಕ್ಕಿದ ಲಾವಾ ಇದು. ಆರುತ್ತಾ ಕುಗ್ಗಿ ಬಿರುಕು ಬಿಟ್ಟದ್ದರಿಂದ ಐದು, ಆರು, ಏಳು ಮುಖಗಳ ಕಂಬಗಳಾದವು. ಯಾರೋ ಕಡೆದು ನಿಲ್ಲಿಸಿದ್ದಾರೆ ಅಂತ ಅಪ್ಪಂದಿರು ಮಕ್ಕಳಿಗೆ ಹೇಳುವುದನ್ನು ಅಲ್ಲೇ ನಿಂತು ಕೇಳಿದ್ದೇನೆ. ಇನ್ನು ಕೆಲವರು ಇದನ್ನು ದಖ್ಖನ್ನಿನ ಬಸಾಲ್ಟ್ ಎಂಬ ಕಪ್ಪು ಲಾವಾ ಕಲ್ಲಿನ ಜೊತೆ ಸೇರಿಸಿಬಿಡುತ್ತಾರೆ. ದಖ್ಖನ್ ಲಾವಾ 6.6 ಕೋಟಿ ವರ್ಷದ್ದು, ಇದಕ್ಕಿಂತ ಚಿಕ್ಕದು, ಕಲ್ಲಿನ ಜಾತಿಯೂ ಬೇರೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂಬ ಫಲಕ ದ್ವೀಪದಲ್ಲಿದೆ ನಿಜ. ಅದರ ಭಾಷೆ ಭೂವಿಜ್ಞಾನ ಓದಿದವರಿಗೆ ಮಾತ್ರ ದಕ್ಕುವಂಥದ್ದು.

ಕೆಲಸ ಕಷ್ಟದ್ದಲ್ಲ ಸರ್. ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆಯವರು, ಪುರಾತತ್ವದವರು ವಿಷಯ ಕೊಡಲಿ. ಬರೆದದ್ದನ್ನು ಆಯಾ ಊರಿನ ಶಾಲಾ ಮೇಷ್ಟ್ರೊಬ್ಬರು ಏಳನೇ ಕ್ಲಾಸಿನ ಮಕ್ಕಳಿಗೆ ಓದಿ ಹೇಳಲಿ. ಮಕ್ಕಳಿಗೆ ಅರ್ಥವಾಗದ ಸಾಲು ಹೊಡೆದು ಹಾಕಿ. ದಯವಿಟ್ಟು ಒಂದು ಕ್ಯೂಆರ್ ಕೋಡ್ ಅಂಟಿಸಿ ಕೈತೊಳೆದುಕೊಳ್ಳಬೇಡಿ, ಕಡಲ ಬಿಸಿಲಿನಲ್ಲಿ ಮೊಬೈಲ್ ಪರದೆ ಯಾರಿಗೂ ಕಾಣುವುದಿಲ್ಲ. ನಂದಿ ಸುತ್ತಲ ಹಳ್ಳಿಗಳ, ಮಲ್ಪೆಯ ಯುವಕ ಯುವತಿಯರಿಗೆ ಬಂದವರಿಗೆ ಇದನ್ನೆಲ್ಲ ವಿವರಿಸುವ ತರಬೇತಿ ಕೊಟ್ಟರೆ ಅವರಿಗೂ ನಾಲ್ಕು ಕಾಸು ಸಿಗುತ್ತದೆ.

ಮಳೆಗಾಲದಲ್ಲಿ ಮಲ್ಪೆಯ ಬೋಟುಗಳು ನಿಂತಿರುತ್ತವೆ. ದ್ವೀಪ ಖಾಲಿ ಇರುವ ಆ ತಿಂಗಳುಗಳಲ್ಲಿ ಬರವಣಿಗೆ ಮುಗಿಸಿ, ಬೋಟು ಶುರುವಾಗುವ ಹೊತ್ತಿಗೆ ಮೊದಲ ಫಲಕ ಅಲ್ಲಿ ನಿಲ್ಲಿಸಿ. ನಂದಿಯದು ಅದರ ಹಿಂದೆಯೇ ಬರಲಿ, ರೋಪ್‌ವೇಗೆ ಕಾಯಬೇಕಿಲ್ಲ.

ಇಂತಿ,
ಬೆಂಗಳೂರಿನ ಒಬ್ಬ ನಾಗರಿಕ