ಪರೇಡ್ ಹೇಗೆ ಮಾಡಿದರು ಅಂತಲೂ ಕೇಳಬೇಕು

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಪ್ರತ್ಯಕ್ಷ ಸಾಕ್ಷಿಗಳು ಯಾರನ್ನೋ ತೋರಿಸಿ, ಏನೂ ಮಾಡದವರು ಜೈಲಿಗೆ ಹೋದ ಪ್ರಕರಣಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಬರಹ ಚೆನ್ನಾಗಿದೆ. ಆದರೆ ಲೇಖಕರು ಕೊನೆಗೆ ‘ಇದಕ್ಕೆಲ್ಲ ಬಿಳಿಯರ ಜನಾಂಗದ್ವೇಷವೇ ಕಾರಣ’ ಅಂತ ಒಂದೇ ಸಾಲಿನಲ್ಲಿ ಕೈ ತೊಳೆದುಕೊಂಡಿದ್ದಾರೆ. ನನ್ನ ತಕರಾರು ಇರುವುದು ಅಲ್ಲೇ. ಅಮೆರಿಕದಲ್ಲಿ ದ್ವೇಷಕ್ಕೆ ಬರ ಇಲ್ಲ, ಒಪ್ಪುತ್ತೇನೆ. ಆದರೆ ಈ ತಪ್ಪು ಆಗುವುದಕ್ಕೆ ದ್ವೇಷ ಬೇಕೇ ಬೇಕು ಅಂತೇನಿಲ್ಲ.

ನಾನು ನ್ಯೂಜೆರ್ಸಿಯಲ್ಲಿ ಫಾರ್ಮಸಿಸ್ಟ್ ಆಗಿದ್ದವನು, ಈಗ ನಿವೃತ್ತ. ನನ್ನ ಜೊತೆ ಕೌಂಟರಿನಲ್ಲಿ ಒಬ್ಬ ಗುಜರಾತಿ ಸಹೋದ್ಯೋಗಿ ಇದ್ದರು. ನನಗಿಂತ ಗೇಣುದ್ದ ಕುಳ್ಳು, ತಲೆ ಪೂರ್ತಿ ಬೋಳು, ಮೀಸೆ ಇಲ್ಲ. ನನಗೋ ದಪ್ಪ ಮೀಸೆ, ತಲೆ ತುಂಬ ಕೂದಲು. ಆದರೂ ವರ್ಷಗಟ್ಟಲೆ ಔಷಧಿ ಒಯ್ಯುತ್ತಿದ್ದ ಬಿಳಿಯ ಗಿರಾಕಿಗಳು ಅವರ ಹೆಸರು ಹಿಡಿದು ನನ್ನನ್ನು ಕರೆಯುತ್ತಿದ್ದರು, ನನ್ನ ಹೆಸರು ಹಿಡಿದು ಅವರನ್ನು. ಇವರೆಲ್ಲ ನಮ್ಮನ್ನು ಕಂಡರೆ ಆಗದವರೇನಲ್ಲ. ಕ್ರಿಸ್‌ಮಸ್ ಬಂದರೆ ಮನೆಯಲ್ಲೇ ಮಾಡಿದ ಕುಕೀಸ್ ಡಬ್ಬಿ ತಂದುಕೊಡುತ್ತಿದ್ದವರು. ಡಬ್ಬಿಯ ಮೇಲಿನ ಹೆಸರು ಮಾತ್ರ ಅದಲುಬದಲು.

ಇದನ್ನು ಲ್ಯಾಬಿನಲ್ಲಿ ಅಳೆದು ನೋಡಿದ ಮೊದಲಿಗರಲ್ಲಿ ರಾಯ್ ಮಾಲ್‌ಪಾಸ್ ಒಬ್ಬರು. ಮುಂದೆ ಟೆಕ್ಸಾಸ್‌ನ ಎಲ್ ಪಾಸೊ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದರು. 1969ರಲ್ಲಿ ಅವರೂ ಜೆರೋಮ್ ಕ್ರಾವಿಟ್ಜ್ ಅವರೂ ಸೇರಿ ಇಲಿನಾಯ್ ಮತ್ತು ಹೊವಾರ್ಡ್ ವಿಶ್ವವಿದ್ಯಾಲಯಗಳ ಬಿಳಿಯ, ಕಪ್ಪು ವಿದ್ಯಾರ್ಥಿಗಳಿಗೆ ಒಂದಿಷ್ಟು ಮುಖಗಳ ಫೋಟೊ ತೋರಿಸಿದರು. ಆಮೇಲೆ ಹೊಸ ಮುಖಗಳ ಜೊತೆ ಬೆರೆಸಿ, ‘ಯಾವುದನ್ನು ಮೊದಲೇ ನೋಡಿದ್ದೀರಿ?’ ಅಂತ ಕೇಳಿದರು. ತಮ್ಮ ಜನಾಂಗದ ಮುಖಗಳು ಚೆನ್ನಾಗಿ ನೆನಪಿದ್ದವು, ಇನ್ನೊಂದು ಜನಾಂಗದವು ಅಷ್ಟಾಗಿ ಇಲ್ಲ. 2001ರಲ್ಲಿ ಮೈಸ್ನರ್ ಮತ್ತು ಬ್ರಿಗ್‌ಹ್ಯಾಮ್ ಅನ್ನುವ ಸಂಶೋಧಕರು ಇಂಥ 39 ಸಂಶೋಧನಾ ಲೇಖನಗಳನ್ನು, ಹತ್ತಿರ ಹತ್ತಿರ 5,000 ಜನರ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬೇರೆ ಜನಾಂಗದ ಮುಖವಾದರೆ, ನೋಡೇ ಇಲ್ಲದವರನ್ನು ‘ನೋಡಿದ್ದೇನೆ’ ಅನ್ನುವ ಸಾಧ್ಯತೆ 1.56 ಪಟ್ಟು ಜಾಸ್ತಿ. ಲೇಖಕರು ಗಮನಿಸಬೇಕಾದ ವಿಷಯ ಇನ್ನೊಂದಿದೆ: ಆ ಜನಾಂಗದ ಬಗ್ಗೆ ಮನಸ್ಸಿನಲ್ಲಿ ಏನಿದೆ ಅನ್ನುವುದಕ್ಕೂ ಈ ತಪ್ಪಿಗೂ ನೇರ ಸಂಬಂಧ ಕಾಣಲಿಲ್ಲ. ಇದು ರಕ್ತದಲ್ಲಿ ಬಂದಿದ್ದೂ ಅಲ್ಲ. ಚಿಕ್ಕಂದಿನಲ್ಲೇ ಯುರೋಪಿನ ಬಿಳಿಯ ಕುಟುಂಬಗಳಿಗೆ ದತ್ತು ಹೋಗಿ ಬೆಳೆದ ಕೊರಿಯನ್ನರನ್ನು 2005ರಲ್ಲಿ ಪರೀಕ್ಷಿಸಿದಾಗ, ಅವರಿಗೆ ಬಿಳಿಯರ ಮುಖಗಳೇ ಹೆಚ್ಚು ಚೆನ್ನಾಗಿ ಗುರುತು ಸಿಕ್ಕವು.

ಮಾಲ್‌ಪಾಸ್ ಇಷ್ಟಕ್ಕೇ ನಿಂತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಸಾಕ್ಷಿಯ ತಲೆಯೊಳಗಿನದನ್ನು ಯಾವ ಕೋರ್ಟೂ ರಿಪೇರಿ ಮಾಡಲಾರದು. ಆದರೆ ಪೊಲೀಸರು ಗುರುತು ಪತ್ತೆ ಪರೇಡ್ (ಶಂಕಿತನನ್ನೋ ಅವನ ಫೋಟೊವನ್ನೋ ಬೇರೆಯವರ ಜೊತೆ ಬೆರೆಸಿ ಸಾಕ್ಷಿಗೆ ತೋರಿಸುವುದು) ಮಾಡುವ ರೀತಿಯನ್ನು ಸರಿಮಾಡಬಹುದಲ್ವಾ? 1981ರಲ್ಲಿ ಅವರೂ ಪೆಟ್ರೀಷಿಯಾ ಡಿವೈನ್ ಅವರೂ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠ ನಡೆಯುತ್ತಿದ್ದ ಹಾಲ್‌ನಲ್ಲೇ ಒಬ್ಬಾತ ಉಪಕರಣಗಳನ್ನು ಬೀಳಿಸಿ ಓಡಿಹೋದ. ಎಲ್ಲ ಮೊದಲೇ ಗೊತ್ತುಮಾಡಿದ ನಾಟಕ. ಆಮೇಲೆ ವಿದ್ಯಾರ್ಥಿಗಳ ಮುಂದೆ ಸಾಲಾಗಿ ಜನರನ್ನು ನಿಲ್ಲಿಸಿದರು. ಕೆಲವರಿಗೆ, ಆತ ಇಲ್ಲೇ ಇದ್ದಾನೆ ಅನ್ನುವ ಧಾಟಿಯಲ್ಲಿ ‘ಯಾರು ಹೇಳಿ’ ಅಂದರು. ಉಳಿದವರಿಗೆ ‘ಇರಬಹುದು, ಇಲ್ಲದೆಯೂ ಇರಬಹುದು’ ಅಂದರು. ಆತ ಸಾಲಿನಲ್ಲಿ ಇಲ್ಲವೇ ಇಲ್ಲದಿದ್ದಾಗ ಮೊದಲ ಗುಂಪಿನಲ್ಲಿ ಶೇ 78ರಷ್ಟು ಮಂದಿ ಯಾರನ್ನೋ ಒಬ್ಬನನ್ನು ತೋರಿಸಿಬಿಟ್ಟರು. ಎರಡನೇ ಗುಂಪಿನಲ್ಲಿ ಅದು ಶೇ 33. ಮಾತಿನ ಧಾಟಿ ಒಂದು ಬದಲಾಗಿದ್ದಕ್ಕೆ ಇಷ್ಟು ವ್ಯತ್ಯಾಸ! ಆತ ಸಾಲಿನಲ್ಲಿ ಇದ್ದಾಗ ಸರಿಯಾಗಿ ಗುರುತಿಸಿದವರ ಪ್ರಮಾಣವೇನೂ ಇದರಿಂದ ಇಳಿಯಲಿಲ್ಲ.

ಪರೇಡ್ ನ್ಯಾಯವಾಗಿದೆಯೇ ಅಂತ ಪರೀಕ್ಷಿಸುವ ಉಪಾಯವೂ ಸರಳವಾಗಿದೆ. ಘಟನೆಯನ್ನು ನೋಡೇ ಇಲ್ಲದ ಒಂದಿಷ್ಟು ಜನರನ್ನು ಕರೆಯಿರಿ. ಸಾಕ್ಷಿ ಹೇಳಿದ ಚಹರೆಯನ್ನಷ್ಟೇ ಓದಿ ಹೇಳಿ, ಶಂಕಿತನದೂ ಸೇರಿ ಆರು ಫೋಟೊ ಮುಂದಿಡಿ. ಪರೇಡ್ ಸರಿಯಿದ್ದರೆ ಅವರ ಆಯ್ಕೆ ಆರೂ ಫೋಟೊಗಳಿಗೆ ಹಂಚಿಹೋಗಬೇಕು. ಎಲ್ಲರ ಬೆರಳೂ ಒಬ್ಬನ ಕಡೆಗೇ ಹೋದರೆ, ಉಳಿದ ಐವರು ಸುಮ್ನೆ ಲೆಕ್ಕಕ್ಕೆ ನಿಂತವರು. ಹೀಗೆ ಬಂದ ಉತ್ತರಗಳಿಂದ, ಸಾಲಿನಲ್ಲಿ ನಿಜಕ್ಕೂ ಎಷ್ಟು ಜನ ಇದ್ದ ಹಾಗಾಯಿತು ಅಂತ ಲೆಕ್ಕ ಹಾಕುವ ವಿಧಾನ ಕೊಟ್ಟವರಲ್ಲೂ ಮಾಲ್‌ಪಾಸ್ ಇದ್ದಾರೆ.

ನಮ್ಮ ನ್ಯೂಜೆರ್ಸಿ ರಾಜ್ಯದ ಕ್ರೋಮಡಿ ಪ್ರಕರಣ ಲೇಖನದಲ್ಲಿ ಬಂದಿಲ್ಲ, ಬರಬೇಕಿತ್ತು. 1992ರಲ್ಲಿ ಒಬ್ಬ ಬಿಳಿಯ ವಿದ್ಯಾರ್ಥಿನಿಯ ಮೇಲೆ ಅತ್ಯಾಚಾರ ನಡೆಯಿತು. ಪೊಲೀಸರು ಸಾವಿರಾರು ಫೋಟೊ ತೋರಿಸಿದರು. ಅದರಲ್ಲಿ ಕ್ರೋಮಡಿ ಎಂಬ ಕಪ್ಪು ವ್ಯಕ್ತಿಯದೂ ಇತ್ತು, ಆಕೆ ಗುರುತಿಸಲಿಲ್ಲ. ಎಂಟು ತಿಂಗಳ ನಂತರ ರಸ್ತೆಯಲ್ಲಿ ಆತನನ್ನು ಕಂಡು ‘ಇವನೇ’ ಅಂದರು. ಶಿಕ್ಷೆಯಾಯಿತು. ಬೇರೆ ಜನಾಂಗದವರನ್ನು ಗುರುತಿಸುವಾಗ ತಪ್ಪು ಹೆಚ್ಚು ಅನ್ನುವುದನ್ನು ಜ್ಯೂರಿಗೆ (ತೀರ್ಪು ಹೇಳಲು ಕೂರಿಸುವ ಸಾಮಾನ್ಯ ನಾಗರಿಕರ ಗುಂಪಿಗೆ) ತಿಳಿಸಬೇಕಿತ್ತು ಅಂತ 1999ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡಿ ಮರುವಿಚಾರಣೆಗೆ ಹೇಳಿತು. ಅದೇ ವರ್ಷ ಡಿಎನ್‌ಎ ಪರೀಕ್ಷೆಯಲ್ಲಿ ಆತ ಅಲ್ಲವೇ ಅಲ್ಲ ಅಂತ ಗೊತ್ತಾಯಿತು. ಹೆಂಡರ್‌ಸನ್ ಎಂಬ ಇನ್ನೊಂದು ಪ್ರಕರಣದಲ್ಲಿ ಅದೇ ಕೋರ್ಟ್ 2011ರಲ್ಲಿ ಕೊಟ್ಟ ತೀರ್ಪಿನ ನಂತರ, ನ್ಯಾಯಾಧೀಶರು ಜ್ಯೂರಿಗೆ ಕೊಡುವ ಈ ಸೂಚನೆ ಇನ್ನಷ್ಟು ವಿಸ್ತಾರವಾಯಿತು.

ಆ ಸೂಚನೆಯನ್ನು ನಾನು ಜ್ಯೂರಿ ಪೆಟ್ಟಿಗೆಯಲ್ಲಿ ಕೂತು ಕೇಳಿದ್ದೇನೆ. ಆಗ ಭತ್ಯೆ ದಿನಕ್ಕೆ 5 ಡಾಲರ್, ಒಂದು ಸ್ಯಾಂಡ್‌ವಿಚ್‌ಗೂ ಸಾಲದು. ಪಾರ್ಕಿಂಗ್ ಜಾಗದಲ್ಲಿ ಪರ್ಸ್ ಕಿತ್ತುಕೊಂಡು ಓಡಿದ ಕೇಸು. ಮಹಿಳೆ ಬಿಳಿಯರು, ಆರೋಪಿ ಕಪ್ಪು ಹುಡುಗ. ಬೇರೆ ಪುರಾವೆ ಇರಲಿಲ್ಲ. ತನಿಖೆಗೆ ಸಂಬಂಧವೇ ಇಲ್ಲದ, ಆರೋಪಿ ಯಾರೆಂದು ಗೊತ್ತಿಲ್ಲದ ಅಧಿಕಾರಿಯೊಬ್ಬರು ಫೋಟೊಗಳನ್ನು ಒಂದೊಂದಾಗಿ ತೋರಿಸಿದ್ದರು. ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಬರೆದುಕೊಂಡಿದ್ದರು: ‘ಇವನು ಇರಬಹುದು, ಕಣ್ಣು ಹಾಗೇ ಕಾಣುತ್ತೆ.’ ಕೋರ್ಟಿನಲ್ಲಿ ಅದೇ ಮಹಿಳೆ ಹುಡುಗನ ಕಡೆ ಬೆರಳು ತೋರಿಸಿ, ಒಂಚೂರೂ ಅನುಮಾನ ಇಲ್ಲ ಅಂದರು. ನಡುವೆ ಹೊಸದಾಗಿ ಏನೂ ಸಿಕ್ಕಿರಲಿಲ್ಲ. ಅನುಮಾನ ಮಾತ್ರ ಮಾಯ. ಆ ಒಂದು ಹಾಳೆ ಇಲ್ಲದಿದ್ದರೆ ನಮಗೆ ಕಾಣಿಸುತ್ತಿದ್ದುದು ಆ ಬೆರಳು ಮಾತ್ರ.

ಆಕೆ ಸುಳ್ಳು ಹೇಳುತ್ತಿದ್ದಾರೆ ಅಂತ ನಮ್ಮಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ದ್ವೇಷ ಅಂತಲೂ ಅನ್ನಿಸಲಿಲ್ಲ. ಹುಡುಗನನ್ನು ಬಿಟ್ಟೆವು. ಅವನೇ ಕಿತ್ತುಕೊಂಡಿದ್ದನೋ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಸಾಬೀತಾಗಿರಲಿಲ್ಲ, ಅಷ್ಟೆ.

ಡಿಎನ್‌ಎ ಪರೀಕ್ಷೆಯಿಂದ ಈ ದೇಶದಲ್ಲಿ ನಿರಪರಾಧಿಗಳೆಂದು ಗೊತ್ತಾದ ಮೊದಲ 250 ಜನರಲ್ಲಿ 190 ಮಂದಿಯ ಕೇಸಿನಲ್ಲಿ ಸಾಕ್ಷಿ ತಪ್ಪಾಗಿ ಗುರುತಿಸಿದ್ದರು. ಅವರಲ್ಲಿ ಎಷ್ಟು ಸಾಕ್ಷಿಗಳು ದ್ವೇಷಿಗಳು ಅಂತ ಹುಡುಕುತ್ತಾ ಕೂತರೆ ಪೊಲೀಸ್ ಠಾಣೆಯಲ್ಲಿ ನಡೆದಿದ್ದು ಪಾರಾಗಿಬಿಡುತ್ತದೆ. ಲೇಖಕರು ಈ ವಿಷಯದ ಮೇಲೆ ಮತ್ತೆ ಬರೆಯುವುದಾದರೆ ಪ್ರತಿ ಪ್ರಕರಣದಲ್ಲೂ ಇಷ್ಟನ್ನು ದಯವಿಟ್ಟು ತಿಳಿಸಲಿ: ಫೋಟೊ ತೋರಿಸಿದ ಅಧಿಕಾರಿಗೆ ಆರೋಪಿ ಯಾರೆಂದು ಗೊತ್ತಿತ್ತೇ, ‘ಇಲ್ಲದೆಯೂ ಇರಬಹುದು’ ಅಂತ ಸಾಕ್ಷಿಗೆ ಹೇಳಿದ್ದರೇ, ಮೊದಲ ಸಲ ಸಾಕ್ಷಿಯ ಬಾಯಲ್ಲಿ ಬಂದ ಮಾತು ಏನು.

– ನಿವೃತ್ತ ಫಾರ್ಮಸಿಸ್ಟ್, ನ್ಯೂಜೆರ್ಸಿ