ಮೂರಕ್ಷರದ ಹೆಸರು ಯಾರ ಸ್ವತ್ತು?

ಮಾನ್ಯ ಸಂಪಾದಕರೇ,

ಡೊಮೈನ್ ಹೆಸರಿಗೂ, ಅಂದರೆ ವೆಬ್‌ಸೈಟ್ ವಿಳಾಸಕ್ಕೂ, ಟ್ರೇಡ್‌ಮಾರ್ಕ್‌ನಂತೆ ರಕ್ಷಣೆ ಉಂಟು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿತು. ಸತ್ಯಂ ಇನ್ಫೋವೇ ಕಂಪನಿಯ ‘ಸಿಫಿ’ಗೂ ಇನ್ನೊಂದು ಕಂಪನಿಯ ‘ಸಿಫಿನೆಟ್’ಗೂ ನಡೆದ ಆ ಜಗಳ ಶುರುವಾಗಿದ್ದು ನಮ್ಮ ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲೇ. ‘ಸಿಫಿ’ ಸತ್ಯಂ ಇನ್ಫೋವೇ ತಾನೇ ಕಟ್ಟಿದ ಪದ, ಹಾಗಾಗಿ ತೀರ್ಪು ಸರಿಯೇ. ಆದರೆ ಎರಡು-ಮೂರು ಅಕ್ಷರದ ಹೆಸರುಗಳ ಕತೆ ಬೇರೆ. ಅವು ಎಷ್ಟೋ ಕಂಪನಿಗಳ ಇನಿಷಿಯಲ್ ಆಗಿರುತ್ತವೆ, ಅಲ್ವಾ? ಮೊದಲೇ ಕೊಂಡವರ ಮೇಲೆ, ಆಮೇಲೆ ಹುಟ್ಟಿದ ಕಂಪನಿ ಡೊಮೈನ್ ಹೆಸರುಗಳ ಜಾಗತಿಕ ಉಸ್ತುವಾರಿ ಸಂಸ್ಥೆ ಐಕ್ಯಾನ್‌ನ ಯುಡಿಆರ್‌ಪಿ ಎಂಬ ವ್ಯಾಜ್ಯ ಇತ್ಯರ್ಥ ನಿಯಮದಡಿ ದೂರು ಹಾಕುವುದೂ ಇದೆ. ಇಂಥ ದೂರು ಕೇಳುವ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ಒಬ್ಬರೇ ತೀರ್ಪುಗಾರರಾದರೆ ಶುಲ್ಕ 1,500 ಡಾಲರ್. ದೊಡ್ಡವರಿಗೆ ಅದು ಚಿಲ್ಲರೆ ಕಾಸು. ದೂರು ದುರುದ್ದೇಶದ್ದು ಎಂದು ತೀರ್ಮಾನವಾದರೂ ದಂಡವಿಲ್ಲ, ಛೀಮಾರಿ ಅಷ್ಟೇ. ವಕೀಲರ ಖರ್ಚು ಮಾತ್ರ ಹೆಸರಿನ ಮಾಲೀಕರ ತಲೆಗೆ! ಅಂಥ ದೂರುದಾರರೇ ಆ ಖರ್ಚು ಕಟ್ಟಿಕೊಡುವ ನಿಯಮವನ್ನು ಐಕ್ಯಾನ್ ತರಲಿ.

– ಓರ್ವ ಓದುಗ, ಬೆಂಗಳೂರು