ಸ್ಟಾಕ್ ತಾಳೆಯಾಯಿತು, ಎಲ್ಲರಿಗೂ ಥ್ಯಾಂಕ್ಸ್

ಮಂಗಳೂರಿನ ಕೊಟ್ಟಾರ ಚೌಕಿ ಹತ್ತಿರದ ನಮ್ಮ ಅಂಗಡಿಯ ಗೋದಾಮಿನ ಸ್ಟಾಕ್ ನಿನ್ನೆ ರಾತ್ರಿ ಪೂರ್ತಿ ತಾಳೆಯಾಯಿತು. ಕಂಪ್ಯೂಟರಿನಲ್ಲಿ ಎಷ್ಟು ತೋರಿಸುತ್ತಿದೆಯೋ ರ್‍ಯಾಕಿನಲ್ಲೂ ಅಷ್ಟೇ ಇದೆ. ಹೊರಗಿನವರಿಗೆ ಇದೊಂದು ಸುದ್ದಿಯೇ ಅಲ್ಲ. ಮೇ ಕೊನೆಯಲ್ಲಿ ಒಳಗೆ ನೀರು ನುಗ್ಗಿದ ಮೇಲೆ ನಮಗೆ ಮಾತ್ರ ಇದು ಹಬ್ಬ ಮಾರಾಯ್ರೇ.

2025ರಲ್ಲಿ ಮುಂಗಾರು ಮೇ ತಿಂಗಳಲ್ಲೇ ಬಂತಲ್ಲ. ಮಳೆಗಾಲದ ಸಾಮಾನನ್ನು ನಾವು ತುಂಬಿಸಿಡುವುದೂ ಅದೇ ತಿಂಗಳು. ಕುಚ್ಚಲಕ್ಕಿ, ಹಪ್ಪಳ, ಬೆಲ್ಲ, ಒಣಮೀನು. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಒಣಮೀನು ಕೇಳುವವರು ಜಾಸ್ತಿ. ಶಿರಾಡಿಯಲ್ಲಿ ಗುಡ್ಡ ಕುಸಿದರೆ ಘಟ್ಟದ ಮೇಲಿನ ಲಾರಿಯೂ ಇಲ್ಲ. ಹಾಗಾಗಿ ಗೋದಾಮಿನಲ್ಲಿ ಕಾಲಿಡಲು ಜಾಗವಿಲ್ಲದ ವಾರದಲ್ಲೇ ನೀರು ಬಂತು.

ಮೊದಲ ಥ್ಯಾಂಕ್ಸ್ ಲೋಡಿಂಗ್ ಹುಡುಗರಿಗೆ. ಮೊಣಕಾಲು ಮುಳುಗುವ ನೀರಿನಲ್ಲಿ ನಿಂತು ಅಕ್ಕಿ ಮೂಟೆಗಳನ್ನು ಮೇಲಿನ ರ್‍ಯಾಕಿಗೆ ಏರಿಸಿದರು. ಆದರೂ ಕೆಳಗಿನ ಸಾಲು ಹೋಯಿತು.

ಬಿಸಾಡುವುದು ಅದಕ್ಕಿಂತ ಕಷ್ಟದ ಕೆಲಸ. ಬಿಸ್ಕತ್ತಿನ ಪ್ಯಾಕೆಟ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಆದರೆ ತಾಗಿದ್ದು ಚರಂಡಿ ಸೇರಿದ ನೀರು. 'ಒರೆಸಿ ಅರ್ಧ ರೇಟಿಗೆ ಕೊಡಬಹುದಲ್ವಾ?' ಅಂತ ಕೇಳಿದವರಿದ್ದರು. ನಮ್ಮ ಧಣಿಗಳು ಬೇಡ ಎಂದರು. ಒಂದೇ ಮಾತು, ಚರ್ಚೆ ಇಲ್ಲ. ಆ ಒಂದು ಮಾತಿಗೆ ನಾನು ಅವರಿಗೆ ಋಣಿ.

ಬಿಸಾಡುವ ಮೊದಲು ಪ್ರತಿಯೊಂದನ್ನೂ ಬರೆದಿಡಬೇಕು. ಇನ್ಶೂರೆನ್ಸ್ ಸರ್ವೆಯರ್ ಪಟ್ಟಿ ಕೇಳುತ್ತಾರೆ. ಹಾಳಾದ ಮಾಲಿಗೆ ಪಡೆದ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟನ್ನೂ, ಅಂದರೆ ಖರೀದಿಯಲ್ಲಿ ಕಟ್ಟಿದ ತೆರಿಗೆಗೆ ಸಿಕ್ಕ ವಜಾವನ್ನೂ, ವಾಪಸ್ ಕಟ್ಟಬೇಕು. ಅಂದಾಜಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಿಲ್ಲಿಂಗ್ ಕೌಂಟರಿನ ಇಬ್ಬರು ಹುಡುಗಿಯರು ಗ್ಲೌಸ್ ಹಾಕಿ, ಒದ್ದೆ ರಟ್ಟಿನ ಮೇಲೆ ಅಳಿಸಿಹೋಗುತ್ತಿದ್ದ ಬ್ಯಾಚ್ ನಂಬರ್, ಎಕ್ಸ್‌ಪೈರಿ ದಿನಾಂಕಗಳನ್ನು ಟಾರ್ಚ್ ಬೆಳಕಿನಲ್ಲಿ ಓದಿದರು. ಅದು ಅವರ ಕೆಲಸವೇ ಆಗಿರಲಿಲ್ಲ! ನಿನ್ನೆಯ ತಾಳೆ ನಿಂತಿರುವುದು ಆ ಪಟ್ಟಿಯ ಮೇಲೆ.

ಕರೆಂಟ್ ಇರಲಿಲ್ಲ. ನೀರು ನಿಂತಲ್ಲಿ ಲೈನ್ ಬಂದ್ ಮಾಡಲೇಬೇಕು, ಅದು ಸರಿಯೇ. ಡೀಪ್ ಫ್ರೀಜರಿನ ಬಾಗಿಲು ಯಾರೂ ತೆರೆಯದಂತೆ ನಮ್ಮ ವಾಚ್‌ಮನ್ ಅಲ್ಲೇ ಕುರ್ಚಿ ಹಾಕಿ ಕೂತರು. ಕೊನೆಗೆ ಬೈಕಂಪಾಡಿಯ ಪರಿಚಯದ ವ್ಯಾಪಾರಿಯೊಬ್ಬರು ಮೈನಸ್ 18 ಡಿಗ್ರಿಯ ತಮ್ಮ ಕೋಲ್ಡ್ ರೂಮಿನಲ್ಲಿ ಜಾಗ ಬಿಟ್ಟುಕೊಟ್ಟರು. ಐಸ್‌ಕ್ರೀಮ್ ಒಮ್ಮೆ ಕರಗಿತೆಂದರೆ ಮತ್ತೆ ಗಟ್ಟಿ ಮಾಡಿ ಮಾರುವ ಹಾಗಿಲ್ಲ. ಹಾಲು, ಮೊಸರು, ಪನೀರಿಗೆ ಬಂದರಿನ ಐಸ್ ಪ್ಲಾಂಟಿನವರು ಐಸ್ ಕಳುಹಿಸಿದರು. ಮೀನಿನ ಬಾಕ್ಸ್ ಬಂದರೆ ವಾಸನೆ ಹಿಡಿದೀತು ಅಂತ ನನಗೆ ಒಳಗೊಳಗೇ ಭಯ. ಅವರು ಹೊಸ ಬಾಕ್ಸುಗಳನ್ನೇ ಕೊಟ್ಟಿದ್ದರು.

ಬಂದರಿನ ಹೋಲ್‌ಸೇಲ್ ಅಂಗಡಿಯವರು ಬಾಕಿ ಕೇಳಲು ಫೋನ್ ಮಾಡಲಿಲ್ಲ. 'ಎಷ್ಟು ಮೂಟೆ ಬೇಕು?' ಅಂತ ಕೇಳಲು ಮಾಡಿದರು. ಅರ್ಧ ಖಾಲಿ ಶೆಲ್ಫ್ ನೋಡಿಯೂ ನಮ್ಮಲ್ಲಿಗೇ ಬಂದ ಗಿರಾಕಿಗಳಿಗೂ ಥ್ಯಾಂಕ್ಸ್.

ಈಗ ಕೆಳಗಿನ ಸಾಲಿನಲ್ಲಿ ತಿನ್ನುವ ಸಾಮಾನು ಇಡುವುದಿಲ್ಲ. ಅಲ್ಲಿ ಬಕೆಟ್, ಪೊರಕೆ ಮಾತ್ರ. ಅಷ್ಟಮಿಗೆ ಅವಲಕ್ಕಿ, ಬೆಲ್ಲದ ಆರ್ಡರ್ ಹೋಗಿದೆ.

ಆ ರಾತ್ರಿ ಯಾರೋ ತಂದುಕೊಟ್ಟ ನೀಲಿ ಟಾರ್ಪಾಲು ನಮ್ಮಲ್ಲೇ ಉಳಿದಿದೆ. ಸ್ಟಾಕ್ ಲಿಸ್ಟಿನಲ್ಲಿ ಇಲ್ಲದ ಮಾಲು ಅದೊಂದೇ. ನಿಮ್ಮದಾದರೆ ಬಂದು ತೆಗೆದುಕೊಂಡು ಹೋಗಿ, ಚಾ ಕುಡಿದೇ ಹೋಗಬೇಕು.